ಬೆಳವಣಿಗೆ ಹಾರ್ಮೋನ್ ಅಳೆಯುವುದು ಹೇಗೆ: ಟ್ಯೂಬ್‌ನಿಂದ ರಿಪೋರ್ಟ್ ತನಕ

ಒಂದು ಮಗುವಿನ ರಕ್ತವನ್ನು ಬೆಳಿಗ್ಗೆ 8 ಗಂಟೆಗೆ ತೆಗೆದರೆ ಬೆಳವಣಿಗೆ ಹಾರ್ಮೋನ್ ಮಿಲಿಲೀಟರ್‌ಗೆ 0.2 ನ್ಯಾನೋಗ್ರಾಂ ಅಂತ ಬರಬಹುದು. ಅದೇ ಮಗು ರಾತ್ರಿ ಗಾಢ ನಿದ್ದೆಯಲ್ಲಿದ್ದಾಗ ತೆಗೆದರೆ 15 ಬರಬಹುದು. ಎರಡೂ ಸರಿಯಾದ ಉತ್ತರವೇ. ಮಗುವಿಗೆ ಏನೂ ತೊಂದರೆ ಇಲ್ಲದೆಯೂ ಇರಬಹುದು. ಈ ಹಾರ್ಮೋನ್ ವಿಷಯದಲ್ಲಿ ನಾನು ಹೊಸಬರಿಗೆ ಮೊದಲು ಹೇಳುವುದೇ ಇದನ್ನು: ಸಂಖ್ಯೆ ನೋಡುವ ಮೊದಲು ಗಡಿಯಾರ ನೋಡಿ. ರಕ್ತ ಯಾವಾಗ ತೆಗೆದರು, ಹೇಗೆ ತೆಗೆದರು, ಯಾವ ಕಿಟ್‌ನಲ್ಲಿ ಅಳೆದರು ಅನ್ನುವುದು ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಯಾರಿಗೂ ಉಪಯೋಗವಿಲ್ಲ.

ಈ ಬರಹ ಲ್ಯಾಬ್ ಟೆಕ್ನಾಲಜಿ ಓದುತ್ತಿರುವವರಿಗೆ, ಎಂಡೊಕ್ರೈನ್ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ, ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡುತ್ತಿರುವವರಿಗೆ. ಔಷಧಿಯ ಡೋಸ್ ಬಗ್ಗೆ ಹೇಳಿರುವುದು ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಅರ್ಥವಾಗಲಿ ಎಂದು ಮಾತ್ರ. ಅದನ್ನು ಕೊಡುವುದು, ಬಿಡುವುದು ಡಾಕ್ಟರ್ ಕೆಲಸ.

ಮೊದಲು, ಅಳೆಯುತ್ತಿರುವುದು ಏನನ್ನು?

ಬೆಳವಣಿಗೆ ಹಾರ್ಮೋನ್ ಅಂದರೆ ಜಿಎಚ್. ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಮುಂಭಾಗದಲ್ಲಿ ತಯಾರಾಗುವ ಪ್ರೋಟೀನ್ ಇದು. ಅದರ ಮುಖ್ಯ ರೂಪದಲ್ಲಿ 191 ಅಮೈನೋ ಆಮ್ಲಗಳಿವೆ, ತೂಕ 22 ಕಿಲೋಡಾಲ್ಟನ್. ಜೊತೆಗೆ 20 ಕಿಲೋಡಾಲ್ಟನ್‌ನ ಚಿಕ್ಕ ರೂಪವೂ ಸ್ವಲ್ಪ ಇರುತ್ತದೆ, ಅದರಲ್ಲಿ ಮಧ್ಯದ 15 ಅಮೈನೋ ಆಮ್ಲ ಇರುವುದಿಲ್ಲ. ಇವೆರಡರ ಜೋಡಿಗಳು, ತುಂಡುಗಳು ಕೂಡ ರಕ್ತದಲ್ಲಿ ಓಡಾಡುತ್ತವೆ. ಇಷ್ಟು ಸಾಲದು ಅಂತ ರಕ್ತದಲ್ಲಿರುವ ಜಿಎಚ್‌ನ ಸುಮಾರು ಅರ್ಧ ಭಾಗವನ್ನು ಇನ್ನೊಂದು ಪ್ರೋಟೀನ್ ಹಿಡಿದುಕೊಂಡಿರುತ್ತದೆ. ಜಿಎಚ್ ರಿಸೆಪ್ಟರ್‌ನ ಹೊರಗಿನ ತುಂಡೇ ಆ ಪ್ರೋಟೀನ್. ನಿಮ್ಮ ಕಿಟ್‌ನ ಆಂಟಿಬಾಡಿ (ಜಿಎಚ್ ಅನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಇವುಗಳಲ್ಲಿ ಯಾವುದನ್ನು ಗುರುತಿಸುತ್ತದೆ, ಯಾವುದನ್ನು ಬಿಡುತ್ತದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎರಡು ಕಂಪನಿಯ ಕಿಟ್‌ಗಳು ಒಂದೇ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ) ಬೇರೆ ಬೇರೆ ಉತ್ತರ ಕೊಡುವುದಕ್ಕೆ ದೊಡ್ಡ ಕಾರಣ ಇದೇ.

ಜಿಎಚ್ ದಿನವಿಡೀ ಒಂದೇ ಸಮನೆ ಸುರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ. ದೊಡ್ಡ ಅಲೆ ಬರುವುದು ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ, ಗಾಢ ನಿದ್ದೆಯಲ್ಲಿ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ ಅಷ್ಟೇ. ಹಾಗಾಗಿ ಎರಡು ಅಲೆಗಳ ನಡುವೆ ಹುಡುಕಿದರೂ ಸಿಗದಷ್ಟು ಕೆಳಗೆ ಇಳಿದಿರುತ್ತದೆ. ಸುಮ್ನೆ ಯಾವಾಗಲೋ ಒಂದು ಟ್ಯೂಬ್ ರಕ್ತ ತೆಗೆದು ಜಿಎಚ್ ನೋಡುವುದರಿಂದ ಹೆಚ್ಚಿನ ಮಕ್ಕಳ ವಿಷಯದಲ್ಲಿ ಏನೂ ತಿಳಿಯುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮಾತ್ರ ಮಗುವಿನ ಜಿಎಚ್ ಸಹಜವಾಗಿಯೇ ಜಾಸ್ತಿ ಇರುವುದರಿಂದ, ಆಗ ಸಕ್ಕರೆ ಕಡಿಮೆಯಾದ ಶಿಶುವಿನಲ್ಲಿ ಒಂದೇ ಸ್ಯಾಂಪಲ್ ಕೂಡ ಅರ್ಥ ಕೊಡುತ್ತದೆ.

ಉಳಿದವರಿಗೆ ಎರಡು ದಾರಿ. ಜಿಎಚ್ ಕಡಿಮೆ ಇದೆ ಅನ್ನುವ ಅನುಮಾನ ಇದ್ದರೆ ಪಿಟ್ಯೂಟರಿಯನ್ನು ಎಬ್ಬಿಸಿ ನೋಡಬೇಕು. ಜಾಸ್ತಿ ಇದೆ ಅನ್ನುವ ಅನುಮಾನ ಇದ್ದರೆ ಅದನ್ನು ಅದುಮಿ ನೋಡಬೇಕು.

ಹಂತ 1: ಎಬ್ಬಿಸುವ ಪರೀಕ್ಷೆ

ನಮ್ಮಲ್ಲಿ ಮಕ್ಕಳಿಗೆ ಹೆಚ್ಚಾಗಿ ಮಾಡುವುದು ಕ್ಲೋನಿಡಿನ್ ಪರೀಕ್ಷೆ. ಕ್ಲೋನಿಡಿನ್ ಮೂಲತಃ ಬಿಪಿ ಮಾತ್ರೆ. ಅದು ಜಿಎಚ್ ಬಿಡುಗಡೆಯನ್ನೂ ಪ್ರಚೋದಿಸುತ್ತದೆ. ಡೋಸ್ ಸಾಮಾನ್ಯವಾಗಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 0.15 ಮಿಲಿಗ್ರಾಂ.

ಮಗು ರಾತ್ರಿಯಿಂದ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಬೆಳಿಗ್ಗೆ ಬಂದ ತಕ್ಷಣ ಕೈಗೆ ಕ್ಯಾನುಲಾ ಹಾಕಿ, ಆಮೇಲೆ ಅರ್ಧ ಗಂಟೆ ಸುಮ್ಮನೆ ಮಲಗಿಸಿ. ಈ ಅರ್ಧ ಗಂಟೆಯನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಸೂಜಿ ಚುಚ್ಚಿದ ಭಯ, ಅಳು, ಮೆಟ್ಟಿಲು ಹತ್ತಿ ಓಡಿ ಬಂದದ್ದು ಇವೆಲ್ಲ ಜಿಎಚ್ ಏರಿಸುತ್ತವೆ. ಆಗ ಸೊನ್ನೆ ನಿಮಿಷದ ಸ್ಯಾಂಪಲ್ಲೇ 6 ತೋರಿಸಿ, ಮುಂದಿನದೆಲ್ಲ ಅದರಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ, ಅಷ್ಟರಲ್ಲಿ ಪಿಟ್ಯೂಟರಿ ತನ್ನಲ್ಲಿದ್ದದ್ದನ್ನು ಖಾಲಿ ಮಾಡಿರುತ್ತದೆ, ಪರೀಕ್ಷೆ ಕೆಡುತ್ತದೆ.

ಸೊನ್ನೆ ನಿಮಿಷದ ರಕ್ತ ತೆಗೆದು ಮಾತ್ರೆ ಕೊಡಿ. ಆಮೇಲೆ 30, 60, 90, 120 ನಿಮಿಷಕ್ಕೆ ಒಂದೊಂದು ಟ್ಯೂಬ್. ಪ್ರತಿ ಸಲವೂ ಕ್ಯಾನುಲಾದಲ್ಲಿ ನಿಂತಿರುವ ಸಲೈನ್ ಬೆರೆತ ಮೊದಲ ರಕ್ತವನ್ನು ಬಿಟ್ಟು ಮುಂದಿನದನ್ನು ಟ್ಯೂಬ್‌ಗೆ ಹಾಕಿ. ಜೊತೆಯಲ್ಲೇ ಬಿಪಿ ನೋಡುತ್ತಿರಬೇಕು. ಮಗುವಿಗೆ ತೂಕಡಿಕೆ ಬರುತ್ತದೆ, ಬಿಪಿ ಇಳಿಯುತ್ತದೆ. ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಗು ಕಣ್ಣು ಮುಚ್ಚಿದಾಗ ಗಾಬರಿಯಾಗುತ್ತಾರೆ. ಪರೀಕ್ಷೆ ಮುಗಿದು ತಿಂಡಿ ತಿಂದು ಬಿಪಿ ಸರಿಯಾದ ಮೇಲೆಯೇ ಮನೆಗೆ ಕಳಿಸುವುದು.

ಟ್ಯೂಬ್ ಮೇಲೆ ನಿಜವಾದ ಸಮಯ ಬರೆಯಿರಿ. 60 ನಿಮಿಷಕ್ಕೆ ತೆಗೆಯಬೇಕಿತ್ತು, ಕ್ಯಾನುಲಾದಿಂದ ರಕ್ತ ಬರದೆ 68 ಆಯಿತು ಅಂದರೆ 68 ಅಂತಲೇ ಬರೆಯಿರಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಒಂದು ಮಗುವಿನ ಐದು ಟ್ಯೂಬ್ ಬಂದವು, ಐದರ ಮೇಲೂ ಹೆಸರು ಇತ್ತು, ಒಂದರ ಮೇಲೂ ಸಮಯ ಇರಲಿಲ್ಲ, ಮಗು ಅಷ್ಟು ಹೊತ್ತಿಗೆ ಊರಿನ ಬಸ್ ಹತ್ತಿಯಾಗಿತ್ತು. ಐದನ್ನೂ ಅಳೆದು ಅತಿ ಹೆಚ್ಚು ಯಾವುದೆಂದು ಹೇಳಬಹುದಿತ್ತು. ಆದರೆ ಅದು ಔಷಧಿಗೆ ಎದ್ದ ಅಲೆಯೋ, ಮಾತ್ರೆ ಕೊಡುವ ಮೊದಲೇ ಇದ್ದದ್ದೋ ಹೇಳುವಂತಿರಲಿಲ್ಲ. ಆ ಮಗುವಿಗೆ ಮತ್ತೆ ಐದು ಸಲ ರಕ್ತ ತೆಗೆದರು. ಇವತ್ತಿಗೂ ಅದನ್ನು ನೆನೆದರೆ ಬೇಸರವಾಗುತ್ತದೆ.

ದೊಡ್ಡವರಲ್ಲಿ ಹೆಚ್ಚು ನಂಬಿಕೆ ಇರುವುದು ಇನ್ಸುಲಿನ್ ಪರೀಕ್ಷೆಯ ಮೇಲೆ. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಡೆಸಿಲೀಟರ್‌ಗೆ 40 ಮಿಲಿಗ್ರಾಂಗಿಂತ ಕೆಳಗೆ ಇಳಿಸುತ್ತಾರೆ, ಆ ಒತ್ತಡಕ್ಕೆ ಪಿಟ್ಯೂಟರಿ ಜಿಎಚ್ ಬಿಡಬೇಕು. ಇದರಲ್ಲಿ ಅಪಾಯ ಇದೆ. ಮೂರ್ಛೆ ರೋಗ ಅಥವಾ ಹೃದಯದ ತೊಂದರೆ ಇರುವವರಿಗೆ ಮಾಡುವುದಿಲ್ಲ, ಡಾಕ್ಟರ್ ಪಕ್ಕದಲ್ಲೇ ಇರಬೇಕು, ಗ್ಲೂಕೋಸ್ ಸಿರಿಂಜ್ ತುಂಬಿ ಕೈಗೆಟುಕುವಲ್ಲಿ ಇಟ್ಟಿರಬೇಕು. ಸಕ್ಕರೆ ಸಾಕಷ್ಟು ಇಳಿಯದಿದ್ದರೆ ಪರೀಕ್ಷೆ ಆಗಿಲ್ಲ ಅಂತಲೇ ಲೆಕ್ಕ. ಹಾಗಾಗಿ ಜಿಎಚ್ ಜೊತೆ ಪ್ರತಿ ಸ್ಯಾಂಪಲ್‌ನ ಸಕ್ಕರೆಯನ್ನೂ ವರದಿ ಮಾಡಬೇಕು. ಗ್ಲುಕಗಾನ್, ಆರ್ಜಿನಿನ್ ಕೊಟ್ಟು ಮಾಡುವ ಪರೀಕ್ಷೆಗಳೂ ಇವೆ. ಗ್ಲುಕಗಾನ್‌ನಲ್ಲಿ ಅಲೆ ತಡವಾಗಿ ಏಳುತ್ತದೆ, 180 ನಿಮಿಷದ ತನಕ ಕಾಯಬೇಕು.

ಪರೀಕ್ಷೆಗೆ ಮೊದಲು ಥೈರಾಯ್ಡ್ ನೋಡಿದ್ದಾರಾ ಅಂತ ಕೇಳಿ. ಥೈರಾಯ್ಡ್ ಕಡಿಮೆ ಇದ್ದರೆ ಜಿಎಚ್ ಸರಿಯಾಗಿ ಏಳುವುದಿಲ್ಲ. ಬೊಜ್ಜು ಇದ್ದರೂ ಏರಿಕೆ ತಗ್ಗುತ್ತದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಒಂದೇ ಪರೀಕ್ಷೆ ನೋಡಿ ಕೊರತೆ ಅಂತ ತೀರ್ಮಾನಿಸುವುದಿಲ್ಲ, ಎರಡು ಬೇರೆ ಔಷಧಿಗಳಲ್ಲಿ ಏಳದಿದ್ದರೆ ಮಾತ್ರ.

ಹಂತ 2: ಅದುಮುವ ಪರೀಕ್ಷೆ

ಕೈಕಾಲು, ದವಡೆ ದೊಡ್ಡದಾಗುತ್ತಾ ಹೋಗುವ ಅಕ್ರೊಮೆಗಲಿಯಲ್ಲಿ ಮಾಡುವುದು ಇದು. ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆಯ ತನಕ ಅರ್ಧ ಗಂಟೆಗೊಮ್ಮೆ ರಕ್ತ. ಆರೋಗ್ಯವಂತರಲ್ಲಿ ಜಿಎಚ್ 1 ನ್ಯಾನೋಗ್ರಾಂಗಿಂತ ಕೆಳಗೆ ಇಳಿಯುತ್ತದೆ. ಈಗಿನ ಸೂಕ್ಷ್ಮ ಕಿಟ್‌ಗಳಲ್ಲಿ 0.4 ಅನ್ನುವ ಗಡಿ ಬಳಸುತ್ತಾರೆ. ಲ್ಯಾಬ್‌ನವರಿಗೆ ಇಲ್ಲಿರುವ ಪಾಠ ಇಷ್ಟು: ನಿಮ್ಮ ಕಿಟ್ 0.5ರ ಕೆಳಗೆ ನಂಬುವಂತೆ ಅಳೆಯುವುದಿಲ್ಲ ಅಂದರೆ ಈ ಪರೀಕ್ಷೆಗೆ ಅದನ್ನು ಬಳಸಬೇಡಿ.

ಹಂತ 3: ರಕ್ತದಿಂದ ಸೀರಮ್

ಟ್ಯೂಬ್ ಅರ್ಧ ಗಂಟೆ ನಿಂತು ರಕ್ತ ಪೂರ್ತಿ ಹೆಪ್ಪುಗಟ್ಟಲಿ. ಅವಸರ ಮಾಡಿದರೆ ಸೀರಮ್‌ನಲ್ಲಿ ಫೈಬ್ರಿನ್ ಎಳೆ ಉಳಿದು ಪಿಪೆಟ್ ಟಿಪ್‌ಗೆ ಸಿಕ್ಕಿಕೊಳ್ಳುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಸೀರಮ್ ಅನ್ನು ಎರಡು ಚಿಕ್ಕ ಟ್ಯೂಬ್‌ಗೆ ಹಂಚಿ. ಒಂದು ಈಗ ಅಳೆಯಲು, ಇನ್ನೊಂದು ಮೈನಸ್ 20ರಲ್ಲಿ ಎತ್ತಿಡಲು. ಒಂದೇ ಟ್ಯೂಬನ್ನು ಪದೇ ಪದೇ ಕರಗಿಸಿ ಮತ್ತೆ ಫ್ರೀಜ್ ಮಾಡಬೇಡಿ. ಸೀರಮ್‌ಗೆ ಇಟ್ಟ ಕಿಟ್‌ನಲ್ಲಿ ಪ್ಲಾಸ್ಮಾ (ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವ) ಹಾಕಬೇಡಿ, ಕೆಲವು ಕಿಟ್‌ಗಳಲ್ಲಿ ಉತ್ತರ ಬದಲಾಗುತ್ತದೆ. ಇನ್ನೊಂದು ಮಾತು, ಪ್ರತಿ ಸೀರಮ್ ಕೂಡ ಸೋಂಕು ಇರಬಹುದಾದದ್ದು ಅಂತಲೇ ಭಾವಿಸಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಹಂತ 4: ಎಲೈಸಾ ಪ್ಲೇಟ್

ದೊಡ್ಡ ಲ್ಯಾಬ್‌ಗಳಲ್ಲಿ ಈಗ ಕೆಮಿಲ್ಯುಮಿನೆಸೆನ್ಸ್ ಯಂತ್ರಗಳು ಈ ಕೆಲಸ ಮಾಡುತ್ತವೆ. ಆದರೂ ಕೈಯಲ್ಲಿ ಒಂದು ಎಲೈಸಾ ಮಾಡಿ ಕಲಿಯಿರಿ ಅಂತ ನಾನು ಹೇಳುತ್ತೇನೆ. ಯಂತ್ರದ ಒಳಗೆ ನಡೆಯುವುದೂ ಇದೇ. ಪ್ಲೇಟ್‌ನ ಗುಂಡಿಗಳ ತಳಕ್ಕೆ ಒಂದು ಆಂಟಿಬಾಡಿ ಅಂಟಿಸಿರುತ್ತಾರೆ, ಅದು ಜಿಎಚ್‌ನ ಒಂದು ಕಡೆ ಹಿಡಿಯುತ್ತದೆ. ಕಿಣ್ವ ಕಟ್ಟಿದ ಎರಡನೇ ಆಂಟಿಬಾಡಿ ಅದರ ಇನ್ನೊಂದು ಕಡೆ ಹಿಡಿಯುತ್ತದೆ. ಜಿಎಚ್ ಎಷ್ಟಿದೆಯೋ ಅಷ್ಟು ಕಿಣ್ವ ಉಳಿಯುತ್ತದೆ, ಅಷ್ಟು ಬಣ್ಣ ಬರುತ್ತದೆ.

ಕಿಟ್ ಮತ್ತು ಸ್ಯಾಂಪಲ್‌ಗಳನ್ನು ಕೋಣೆಯ ಬಿಸಿಗೆ ತನ್ನಿ. ಫ್ರಿಜ್‌ನಿಂದ ತೆಗೆದ ಕೂಡಲೇ ಶುರು ಮಾಡಿದರೆ ಪ್ಲೇಟ್‌ನ ಅಂಚಿನ ಗುಂಡಿಗಳು ಬೇಗ ಬಿಸಿಯಾಗಿ, ಮಧ್ಯದವು ತಣ್ಣಗಿದ್ದು, ಒಂದೇ ಸೀರಮ್ ಎರಡು ಉತ್ತರ ಕೊಡುತ್ತದೆ. ಮೊದಲು ಕಾಗದದ ಮೇಲೆ ಪ್ಲೇಟ್‌ನ ನಕ್ಷೆ ಬರೆಯಿರಿ. 96 ಗುಂಡಿ ಇವೆ. 6 ಸ್ಟ್ಯಾಂಡರ್ಡ್ (ಜಿಎಚ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ, ಹೋಲಿಸಲು ಬಳಸುವ ದ್ರಾವಣ), 2 ಕಂಟ್ರೋಲ್ (ಪ್ಲೇಟ್ ಸರಿಯಾಗಿ ನಡೆಯಿತೇ ಅಂತ ನೋಡುವ ಸ್ಯಾಂಪಲ್), ಎಲ್ಲವೂ ಜೋಡಿ ಜೋಡಿ ಅಂದರೆ 16 ಗುಂಡಿ ಹೋಯಿತು. ಉಳಿದ 80ರಲ್ಲಿ 40 ಸ್ಯಾಂಪಲ್. ಒಂದು ಮಗುವಿಗೆ 5 ಅಂದರೆ ಒಂದು ಪ್ಲೇಟ್‌ನಲ್ಲಿ 8 ಮಕ್ಕಳು. ಒಂದು ಮಗುವಿನ ಐದೂ ಸ್ಯಾಂಪಲ್ ಒಂದೇ ಪ್ಲೇಟ್‌ನಲ್ಲಿ ಇರಲಿ, ಬೇರೆ ಬೇರೆ ದಿನಕ್ಕೆ ಹಂಚಬೇಡಿ.

ಪ್ರಮಾಣ, ಸಮಯ ಎಲ್ಲ ಕಿಟ್‌ನ ಹಾಳೆಯಲ್ಲಿ ಇರುತ್ತದೆ, ಅದೇ ಅಂತಿಮ. ಸಾಮಾನ್ಯವಾಗಿ ಗುಂಡಿಗೆ 50 ಮೈಕ್ರೋಲೀಟರ್ ಸ್ಯಾಂಪಲ್, 100 ಮೈಕ್ರೋಲೀಟರ್ ಕಿಣ್ವದ ಆಂಟಿಬಾಡಿ, ಒಂದು ಗಂಟೆಯ ಹತ್ತಿರ ಬಿಡುವುದು. ಪ್ರತಿ ಸ್ಯಾಂಪಲ್‌ಗೆ ಹೊಸ ಟಿಪ್. ಮೊದಲ ಗುಂಡಿಗೂ ಕೊನೆಯ ಗುಂಡಿಗೂ ನಡುವೆ 10 ನಿಮಿಷಕ್ಕಿಂತ ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ.

ಆಮೇಲೆ ತೊಳೆಯುವುದು. ಹೊಸಬರ ಪ್ಲೇಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಗುಂಡಿ ತುಂಬ ವಾಷ್ ಬಫರ್ ಹಾಕಿ ಚೆಲ್ಲಿ, ಹೀಗೆ ಐದು ಸಲ. ಕೊನೆಗೆ ಪ್ಲೇಟ್ ಕವುಚಿ ಟಿಶ್ಯೂ ಪೇಪರ್ ಮೇಲೆ ಗಟ್ಟಿಯಾಗಿ ತಟ್ಟಿ. ಅಂಟದ ಕಿಣ್ವ ಒಂದು ತೊಟ್ಟು ಉಳಿದರೂ ಸೊನ್ನೆ ಸ್ಟ್ಯಾಂಡರ್ಡ್‌ನಲ್ಲೂ ಬಣ್ಣ ಬರುತ್ತದೆ. ಹಾಗಂತ ತಟ್ಟಿ ಒಣಗಲು ಬಿಟ್ಟು ಟೀ ಕುಡಿಯಲು ಹೋಗಬಾರದು, ಒಣಗಿದರೆ ಆಂಟಿಬಾಡಿ ಕೆಡುತ್ತದೆ. ಕೂಡಲೇ ಟಿಎಂಬಿ (ಕಿಣ್ವ ತಾಗಿದರೆ ಬಣ್ಣ ಬರುವ ದ್ರಾವಣ) ಹಾಕಿ ಕತ್ತಲಲ್ಲಿ ಇಡಿ. ನೀಲಿ ಬಣ್ಣ ಏರುತ್ತದೆ. 15-20 ನಿಮಿಷಕ್ಕೆ, ಹಾಕಿದ ಅದೇ ಕ್ರಮದಲ್ಲಿ ಆಮ್ಲದ ಸ್ಟಾಪ್ ದ್ರಾವಣ ಹಾಕಿ. ನೀಲಿ ಹಳದಿಯಾಗುತ್ತದೆ. ತಡಮಾಡದೆ 450 ನ್ಯಾನೋಮೀಟರ್‌ನಲ್ಲಿ ಓದಿ.

ಹಂತ 5: ಲೆಕ್ಕ

ಸ್ಟ್ಯಾಂಡರ್ಡ್‌ಗಳ ಚುಕ್ಕೆಗಳನ್ನು ಸ್ಕೇಲ್ ಇಟ್ಟು ನೇರ ಗೆರೆಯಲ್ಲಿ ಸೇರಿಸಬೇಡಿ. ಈ ಕರ್ವ್ ಸಹಜವಾಗಿಯೇ ಎಸ್ ಆಕಾರದ್ದು, 4-ಪ್ಯಾರಾಮೀಟರ್ ಕರ್ವ್ ಹಾಕುವ ಸಾಫ್ಟ್‌ವೇರ್ ಬಳಸಿ. ಜೋಡಿ ಗುಂಡಿಗಳ ನಡುವೆ ವ್ಯತ್ಯಾಸ ಹೆಚ್ಚಿದ್ದರೆ ಆ ಸ್ಯಾಂಪಲ್ ಮತ್ತೆ ಮಾಡಿ. ಕಂಟ್ರೋಲ್ ತನ್ನ ಮಿತಿಯಲ್ಲಿ ಇಲ್ಲದಿದ್ದರೆ ಇಡೀ ಪ್ಲೇಟ್ ಬಿಟ್ಟುಬಿಡಿ. ಕಿಟ್ ದುಬಾರಿ, ನಿಜ. ತಪ್ಪು ಸಂಖ್ಯೆ ನೋಡಿ ಒಂದು ಮಗುವಿಗೆ ವರ್ಷಗಟ್ಟಲೆ ದಿನಾ ಇಂಜೆಕ್ಷನ್ ಶುರುವಾಗುವುದು ಇನ್ನೂ ದುಬಾರಿ, ಅಲ್ವಾ?

ಈಗ ಅಳತೆಗೋಲಿನ ವಿಷಯ. ಇದನ್ನು ಉದಾಹರಣೆಯಲ್ಲೇ ನೋಡೋಣ. ಒಂದು ಮಗುವಿನ ಉತ್ತರಗಳು 0.4, 3.1, 8.6, 5.2, 2.0 ಅಂತ ಬಂದವು ಎಂದುಕೊಳ್ಳಿ. ಅತಿ ಹೆಚ್ಚು 8.6, 60ನೇ ನಿಮಿಷಕ್ಕೆ. ಹಳೆಯ ಗಡಿ 10 ನ್ಯಾನೋಗ್ರಾಂ, ಅದರ ಪ್ರಕಾರ ಮಗುವಿಗೆ ಕೊರತೆ. ಆದರೆ ಆ 10 ಬಂದದ್ದು ಹಳೆಯ ರೇಡಿಯೋ ಇಮ್ಯುನೋಅಸ್ಸೇಗಳ (ಆಂಟಿಬಾಡಿ ಜೊತೆ ವಿಕಿರಣ ಸೂಸುವ ಗುರುತು ಬಳಸಿ ಅಳೆಯುವ ವಿಧಾನ) ಕಾಲದಲ್ಲಿ. ಆಗಿನ ಆಂಟಿಬಾಡಿಗಳು ಜಿಎಚ್‌ನ ನಾನಾ ರೂಪಗಳನ್ನು ಬಾಚಿ ಹಿಡಿಯುತ್ತಿದ್ದವು, ಉತ್ತರ ಮೇಲೆ ಬರುತ್ತಿತ್ತು. ಈಗಿನವು ಆರಿಸಿ ಹಿಡಿಯುತ್ತವೆ, ಉತ್ತರ ಕೆಳಗೆ ಬರುತ್ತದೆ. ಅದಕ್ಕೇ ಹೊಸ ಕಿಟ್‌ಗಳಿಗೆ ಹಲವರು 7ರ ಆಸುಪಾಸಿನ ಗಡಿ ಬಳಸುತ್ತಾರೆ. ಆ ಲೆಕ್ಕದಲ್ಲಿ ಇದೇ ಮಗು ಸರಿಯಾಗಿದೆ.

ಯೂನಿಟ್ ಕೂಡ ಹೀಗೇ ಕಾಡುತ್ತದೆ. ಈಗಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನ ಸಂಖ್ಯೆ 98/574. ಅದು ರೀಕಾಂಬಿನೆಂಟ್ (ಜೀನ್ ತಂತ್ರದಿಂದ ತಯಾರಿಸಿದ) 22 ಕಿಲೋಡಾಲ್ಟನ್ ಜಿಎಚ್, 1 ಮಿಲಿಗ್ರಾಂಗೆ 3 ಯೂನಿಟ್. ಅಂದರೆ 10 ನ್ಯಾನೋಗ್ರಾಂ/ಎಂಎಲ್ ಅಂದರೆ ಲೀಟರ್‌ಗೆ 30 ಮಿಲಿಯೂನಿಟ್. ಹಿಂದೆ ಪಿಟ್ಯೂಟರಿಯಿಂದ ತೆಗೆದ 80/505 ಬಳಸುತ್ತಿದ್ದಾಗ ಮಿಲಿಗ್ರಾಂಗೆ 2.6 ಇತ್ತು, ಅದೇ 10 ಆಗ 26 ಆಗುತ್ತಿತ್ತು. ಹಳೆಯ ಪ್ರಬಂಧ ಓದಿ ಹೋಲಿಸುವಾಗ ಇದನ್ನು ಮೊದಲು ನೋಡಿ. 2011ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ 98/574ಕ್ಕೆ ಹೊಂದಿಸಿದ ಕಿಟ್ ಬಳಸಿ, ತೂಕದ ಯೂನಿಟ್‌ನಲ್ಲೇ ವರದಿ ಮಾಡಿ ಅಂತ ಹೇಳಿದೆ.

ಉತ್ತರ ನಂಬಿಕೆ ಬರದಿದ್ದರೆ

ರೋಗಿಯನ್ನು ನೋಡಿದರೆ ಅಕ್ರೊಮೆಗಲಿ ಎದ್ದು ಕಾಣುತ್ತದೆ, ಜಿಎಚ್ ಮಾತ್ರ ಅಷ್ಟೇನಿಲ್ಲ ಅಂದರೆ ಹುಕ್ ಎಫೆಕ್ಟ್ ನೆನಪಿಸಿಕೊಳ್ಳಿ. ಹಾರ್ಮೋನ್ ವಿಪರೀತ ಜಾಸ್ತಿ ಇದ್ದಾಗ ಎರಡೂ ಆಂಟಿಬಾಡಿಗಳಿಗೆ ಬೇರೆ ಬೇರೆ ಜಿಎಚ್ ಅಂಟಿಕೊಂಡು ಸ್ಯಾಂಡ್‌ವಿಚ್ಚೇ ಆಗುವುದಿಲ್ಲ. ಸೀರಮ್ ಅನ್ನು 10 ಪಟ್ಟು, 100 ಪಟ್ಟು ತೆಳು ಮಾಡಿ ಮತ್ತೆ ಅಳೆಯಿರಿ. ಗುಣಿಸಿದ ಮೇಲೆ ಉತ್ತರ ಏರಿತು ಅಂದರೆ ಅದೇ ಕಾರಣ.

ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಈಗ ಬಹಳ. ಒಂದಕ್ಕೊಂದು ಬಲವಾಗಿ ಅಂಟುವ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿ ಬಳಸುವ ಕಿಟ್‌ಗಳಲ್ಲಿ ಅದು ಜಿಎಚ್ ಅನ್ನು ಸುಳ್ಳು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ರಕ್ತ ತೆಗೆಯುವ ಮೊದಲೇ ಕೇಳಿ. ಗರ್ಭಿಣಿಯರಲ್ಲಿ ಮಾಸು ಕೂಡ ಜಿಎಚ್‌ನಂಥ ಹಾರ್ಮೋನ್ ಮಾಡುತ್ತದೆ, ಅದು ಪಿಟ್ಯೂಟರಿಯ ಜಿಎಚ್‌ಗಿಂತ 13 ಅಮೈನೋ ಆಮ್ಲಗಳಲ್ಲಿ ಮಾತ್ರ ಬೇರೆ. ಎಷ್ಟೋ ಆಂಟಿಬಾಡಿಗಳಿಗೆ ಎರಡರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಜಿಎಚ್ ಕೆಲಸ ತಡೆಯಲು ಅಕ್ರೊಮೆಗಲಿಯವರಿಗೆ ಕೊಡುವ ಪೆಗ್ವಿಸೊಮೆಂಟ್ ತೆಗೆದುಕೊಳ್ಳುತ್ತಿರುವ ರೋಗಿಯಾದರೆ, ಆ ಔಷಧಿಯೇ ಬದಲಾಯಿಸಿದ ಜಿಎಚ್, ಅದು ಕಿಟ್‌ಗೆ ಅಡ್ಡ ಬರುತ್ತದೆ. ಅಂಥವರಲ್ಲಿ, ಮುಂದೆ ಹೇಳುವ ಐಜಿಎಫ್-1 ಅನ್ನುವ ಹಾರ್ಮೋನ್ ನೋಡುವುದೇ ದಾರಿ.

ಐಜಿಎಫ್-1 ಯಾಕೆ ಬೇಕು

ಜಿಎಚ್ ಹೇಳಿದ ಮೇಲೆ ಮುಖ್ಯವಾಗಿ ಲಿವರ್‌ನಿಂದ ರಕ್ತಕ್ಕೆ ಬರುವುದು ಐಜಿಎಫ್-1. ಇದು ದಿನವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ, ಒಂದೇ ಟ್ಯೂಬ್ ಸಾಕು. ಅಳೆಯುವುದು ಮಾತ್ರ ಜಿಎಚ್‌ನಷ್ಟು ಸುಲಭ ಅಲ್ಲ, ಏಕೆಂದರೆ ಅದು ಬಹುಪಾಲು ಬೇರೆ ಪ್ರೋಟೀನ್‌ಗಳಿಗೆ ಅಂಟಿಕೊಂಡೇ ಇರುತ್ತದೆ. ಮೊದಲು ಆಮ್ಲ ಹಾಕಿ ಬಿಡಿಸಬೇಕು, ಮತ್ತೆ ಅಂಟದಿರಲಿ ಅಂತ ಐಜಿಎಫ್-2 ಅನ್ನು ಧಾರಾಳವಾಗಿ ಸುರಿಯಬೇಕು. ವಯಸ್ಸು ಮತ್ತು ಗಂಡು-ಹೆಣ್ಣಿಗೆ ತಕ್ಕ ಕೋಷ್ಟಕ ಇಲ್ಲದೆ ಉತ್ತರ ಓದಬೇಡಿ. ಸರಿಯಾಗಿ ಊಟ ಸಿಗದ ಮಗುವಿನಲ್ಲಿ ಜಿಎಚ್ ಸರಿಯಿದ್ದರೂ ಇದು ಕಡಿಮೆ ಬರುತ್ತದೆ. ಜಿಎಚ್ ಜಾಸ್ತಿ, ಐಜಿಎಫ್-1 ತೀರಾ ಕಡಿಮೆ, ಊಟಕ್ಕೆ ಕೊರತೆ ಇಲ್ಲ ಅಂದರೆ ರಿಸೆಪ್ಟರ್ ಕೆಲಸ ಮಾಡದ ಲಾರನ್ ಸಿಂಡ್ರೋಮ್ ಇರಬಹುದು. 1966ರಲ್ಲಿ ಇದನ್ನು ಮೊದಲು ವರದಿ ಮಾಡಿದವರು ಇಸ್ರೇಲ್‌ನ ಡಾಕ್ಟರ್ ಜ್ವಿ ಲಾರನ್ ಮತ್ತು ಜೊತೆಗಾರರು.

ಸಂಶೋಧನೆ ಮಾಡುವವರಿಗೆ

ರೇಡಿಯೋ ಇಮ್ಯುನೋಅಸ್ಸೇಯ ಬಗ್ಗೆ ತಿಳಿದಿರಲಿ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್ ಮೊದಲು ಇನ್ಸುಲಿನ್‌ಗೆ ಮಾಡಿದ ವಿಧಾನ ಅದು, 1960ರ ದಶಕದ ಶುರುವಿನಲ್ಲೇ ಜಿಎಚ್‌ಗೂ ಬಂತು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬೆರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಈ ವಿಧಾನ ಬರುವ ಮೊದಲು ಪಿಟ್ಯೂಟರಿ ತೆಗೆದ ಇಲಿಗೆ ಸ್ಯಾಂಪಲ್ ಚುಚ್ಚಿ, ಅದರ ಮೊಣಕಾಲ ಕೆಳಗಿನ ಮೂಳೆಯ ತುದಿಯ ಮೃದ್ವಸ್ಥಿ ಎಷ್ಟು ಅಗಲವಾಯಿತು ಅಂತ ನೋಡುತ್ತಿದ್ದರು.

ಅಲೆಗಳನ್ನೇ ಅಧ್ಯಯನ ಮಾಡಬೇಕಾದರೆ 24 ಗಂಟೆ, 20 ನಿಮಿಷಕ್ಕೊಮ್ಮೆ ರಕ್ತ. ಅಂದರೆ 72 ಸ್ಯಾಂಪಲ್. ಜೋಡಿಯಾಗಿ ಹಾಕಿದರೆ 144 ಗುಂಡಿ, ಒಂದು ಪ್ಲೇಟ್‌ಗೆ ಹಿಡಿಸುವುದಿಲ್ಲ. ಒಂದೇ ಲಾಟ್‌ನ ಎರಡು ಪ್ಲೇಟ್ ತೆಗೆದುಕೊಂಡು, ಅದೇ ವ್ಯಕ್ತಿಯ ಎರಡು ಮೂರು ಸ್ಯಾಂಪಲ್‌ಗಳನ್ನು ಎರಡರಲ್ಲೂ ಹಾಕಿ, ಪ್ಲೇಟ್‌ಗಳ ನಡುವಿನ ವ್ಯತ್ಯಾಸ ಆಗ ಕಣ್ಣಿಗೆ ಬೀಳುತ್ತದೆ. ಒಟ್ಟು ಎಷ್ಟು ರಕ್ತ ಹೋಗುತ್ತದೆ ಅಂತ ಎಥಿಕ್ಸ್ ಕಮಿಟಿಗೆ ಮೊದಲೇ ಲೆಕ್ಕ ಕೊಡಬೇಕು.

ಎಲೈಸಾ ಹೇಳುವುದು ಪ್ರೋಟೀನ್ ಇದೆ ಅಂತ. ಅದು ಕೆಲಸ ಮಾಡುತ್ತದೆಯೇ ಅಂತ ಹೇಳುವುದು ಬಯೋಅಸ್ಸೇ. ಅದಕ್ಕೆ ಎನ್‌ಬಿ2 ಅನ್ನುವ ಇಲಿಯ ಲಿಂಫೋಮಾ ಕೋಶಗಳನ್ನು ಬಳಸುತ್ತಾರೆ, ಮನುಷ್ಯರ ಜಿಎಚ್ ಸಿಕ್ಕರೆ ಅವು ಹೆಚ್ಚುತ್ತವೆ. ಆದರೆ ಅದು ಅವುಗಳ ಪ್ರೊಲ್ಯಾಕ್ಟಿನ್ ರಿಸೆಪ್ಟರ್ ಮೂಲಕ, ಹಾಗಾಗಿ ಪ್ರೊಲ್ಯಾಕ್ಟಿನ್‌ಗೂ ಹೆಚ್ಚುತ್ತವೆ. ಜಿಎಚ್ ವಿರುದ್ಧದ ಆಂಟಿಬಾಡಿ ಹಾಕಿದಾಗ ಬೆಳವಣಿಗೆ ನಿಲ್ಲುತ್ತದೆಯೇ ಅಂತ ಒಂದು ಸಾಲು ಗುಂಡಿ ಮೀಸಲಿಡಿ. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಟ್ರಿಪ್ಸಿನ್‌ನಿಂದ ಪ್ರೋಟೀನ್ ಕತ್ತರಿಸಿ ತುಂಡುಗಳ ತೂಕ ನೋಡುತ್ತಾರೆ, ಸೀರಮ್‌ನ ಅಲ್ಬುಮಿನ್ ರಾಶಿಯಲ್ಲಿ ಜಿಎಚ್ ಮುಳುಗಿಹೋಗುವುದರಿಂದ ಮೊದಲು ಆಂಟಿಬಾಡಿ ಹಚ್ಚಿದ ಅಯಸ್ಕಾಂತದ ಮಣಿಗಳಿಂದ ಅದನ್ನು ಎಳೆದು ತೆಗೆಯಬೇಕಾಗುತ್ತದೆ.

ಕ್ರೀಡಾಪಟುಗಳ ಡೋಪಿಂಗ್ ಪರೀಕ್ಷೆ ನನಗೆ ಬಹಳ ಇಷ್ಟದ ಉದಾಹರಣೆ. ಇಂಜೆಕ್ಷನ್‌ನಲ್ಲಿರುವ ಜಿಎಚ್ 22 ಕಿಲೋಡಾಲ್ಟನ್ ಮಾತ್ರ. ಅದನ್ನು ಚುಚ್ಚಿಕೊಂಡರೆ ಪಿಟ್ಯೂಟರಿ ತನ್ನ ಕೆಲಸ ನಿಲ್ಲಿಸುತ್ತದೆ, ಸಹಜವಾಗಿ ಇರಬೇಕಾದ ಬೇರೆ ರೂಪಗಳು ಕಡಿಮೆಯಾಗುತ್ತವೆ. ಎರಡು ಬೇರೆ ಕಿಟ್‌ಗಳಲ್ಲಿ ಅಳೆದು ಅನುಪಾತ ನೋಡಿದರೆ ಗುಟ್ಟು ಹೊರಬರುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈ ಪರೀಕ್ಷೆ ಶುರುವಾಯಿತು, ಮೊದಲ ಬಾರಿ ಒಬ್ಬರು ಸಿಕ್ಕಿಬಿದ್ದದ್ದು 2010ರಲ್ಲಿ. ಚುಚ್ಚಿದ ಒಂದೆರಡು ದಿನದೊಳಗೆ ರಕ್ತ ತೆಗೆಯದಿದ್ದರೆ ಏನೂ ಕಾಣುವುದಿಲ್ಲ. ಅಲ್ಲೂ ಗಡಿಯಾರವೇ ಮುಖ್ಯ.

ರಿಪೋರ್ಟ್ ಬರೆಯುವಾಗ

ಯಾವ ಔಷಧಿ ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು, ಪ್ರತಿ ಸ್ಯಾಂಪಲ್ ತೆಗೆದ ನಿಜವಾದ ನಿಮಿಷ, ಎಲ್ಲ ಉತ್ತರಗಳು, ಬರೀ ಅತಿ ಹೆಚ್ಚಿನದ್ದು ಮಾತ್ರ ಅಲ್ಲ. ಕಿಟ್‌ನ ಹೆಸರು, ಅದನ್ನು ಯಾವ ಸ್ಟ್ಯಾಂಡರ್ಡ್‌ಗೆ ಹೊಂದಿಸಿದ್ದಾರೆ, ಯೂನಿಟ್. ಕೊರತೆ ಇದೆ, ಇಲ್ಲ ಅಂತ ನೀವು ಬರೆಯಬೇಡಿ, ಅದಕ್ಕೆ ಮಗುವಿನ ಎತ್ತರದ ಚಾರ್ಟ್, ಮೂಳೆಯ ವಯಸ್ಸಿನ ಎಕ್ಸ್‌ರೇ ಎಲ್ಲ ಬೇಕು. ಎತ್ತಿಟ್ಟ ಎರಡನೇ ಟ್ಯೂಬ್‌ಗಳನ್ನು ಮಗು ಮುಂದಿನ ಸಲ ಡಾಕ್ಟರ್ ಹತ್ತಿರ ಬಂದು ಹೋಗುವ ತನಕ ಎಸೆಯಬೇಡಿ. ಮತ್ತೆ ಅಳೆಯಿರಿ ಅಂತ ಫೋನ್ ಬಂದರೆ, ಮಗುವಿನ ಕೈಗೆ ಇನ್ನೊಮ್ಮೆ ಸೂಜಿ ಬೇಕಾಗುವುದಿಲ್ಲ.